ಸುಮಾರಾದ ಆಟಕ್ಕೆ ಸಾವಿರಕ್ಕೆ ಸಾವಿರ

'ಟರ್ಮಿನೇಟರ್ ಸಾಲ್ವೇಶನ್' ಗೇಮನ್ನು ನಾನು ಎರಡು ಸಲ ಪೂರ್ತಿ ಆಡಿದ್ದೇನೆ. ಚೆನ್ನಾಗಿದೆ ಎಂದಲ್ಲ. ಮೊದಲ ಸಲ ಮಧ್ಯಮ ಹಂತದಲ್ಲಿ ಮುಗಿಸಿದೆ. ಕಠಿಣ ಹಂತದಲ್ಲಿ ಮುಗಿಸಿದವರಿಗಷ್ಟೇ ಸಿಗುವ ಅಂಕ ಬಾಕಿ ಉಳಿಯಿತು. ಬಾಕಿ ಎಂದರೆ ನನಗೆ ಆಗುವುದಿಲ್ಲ. ನನ್ನದು ಲೆಕ್ಕಪತ್ರ ತಪಾಸಣೆಯ ಕೆಲಸ. ಹಗಲೆಲ್ಲ ಬೇರೆಯವರ ಖಾತೆಗಳಲ್ಲಿ ತಾಳೆಯಾಗದ ಮೊತ್ತಗಳ ಬೆನ್ನು ಹತ್ತಿ, ಯಾರದೋ ಕೈತಪ್ಪಿಗೆ ಯಾರಿಂದಲೂ ಉತ್ತರ ಸಿಗದೆ ಮನೆಗೆ ಬರುತ್ತೇನೆ. ಸಂಜೆ ಟಿವಿ ಮುಂದೆ ಕೂತಾಗ ಒಂದು ಖಾತೆಯಾದರೂ ಪೈಸೆ ಬಿಡದೆ ಚುಕ್ತಾ ಆಗಲಿ ಎಂಬ ಆಸೆ. ಆ ಆಸೆಯನ್ನು ಪೂರೈಸುವುದರಲ್ಲಿ ಸಿನಿಮಾದ ಬಾಲ ಹಿಡಿದು ಬರುವ ಗೇಮ್‌ಗಳನ್ನು ಮೀರಿಸುವವು ಇಲ್ಲ.

ನನ್ನ ತಮ್ಮನಿಗೆ ಇದು ಅರ್ಥವಾಗುವುದಿಲ್ಲ. ಅವನು ಒಂದು ಆಟ ಹಿಡಿದರೆ ಅದರ ಕಾಡುಮೇಡುಗಳನ್ನೆಲ್ಲ ಅಲೆದು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತನಾಡಿಸಿ, ಕೊನೆ ಮುಟ್ಟುವ ಮೊದಲೇ ಬಿಟ್ಟು ಇನ್ನೊಂದಕ್ಕೆ ಹಾರುವವನು.

"ಅಕ್ಕ, ಒಳ್ಳೊಳ್ಳೆಯ ಗೇಮ್‌ಗಳು ಕಪಾಟಿನಲ್ಲಿ ಧೂಳು ಹಿಡಿಯುತ್ತಿವೆ. ನೀನು ಇದನ್ನು ಎರಡನೇ ಸಲ ಹಾಕಿದ್ದೀಯಲ್ಲ?" ಎಂದ.

"ಅವು ಅರವತ್ತು ಗಂಟೆ ಕೇಳುತ್ತವೆ. ಇದು ಐದು ಗಂಟೆ ಕೇಳುತ್ತದೆ" ಎಂದೆ.

ಅವನಿಗೆ ಅದು ಉತ್ತರ ಎನ್ನಿಸಲಿಲ್ಲ. ಆದರೂ ಎರಡನೇ ಕಂಟ್ರೋಲರ್ ಎತ್ತಿಕೊಂಡು ಪಕ್ಕದಲ್ಲಿ ಕೂತ. ಅದರ ಕಥೆ ಮುಂದೆ ಬರುತ್ತದೆ.

ಈ ಲೋಕದ ಪರಿಚಯವಿಲ್ಲದವರಿಗೆ ಒಂದೆರಡು ಮಾತು. 2005ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಕನ್ಸೋಲ್ ಬಿಡುಗಡೆಯಾದಾಗ ಮೈಕ್ರೋಸಾಫ್ಟ್ ಅದರ ಜೊತೆಗೆ, ಆಟದೊಳಗೆ ಗೊತ್ತುಮಾಡಿದ ಕೆಲಸ ಮುಗಿಸಿದರೆ ಅಂಕ ಕೊಡುವ ಅಚೀವ್‌ಮೆಂಟ್ ಎಂಬ ಪದ್ಧತಿಯನ್ನು ತಂದಿತು. ಡಿಸ್ಕ್ ರೂಪದಲ್ಲಿ ಮಾರಾಟವಾಗುವ ಆಟಕ್ಕೆ ಒಟ್ಟು 1000 ಅಂಕ. ಯಾವ ಕೆಲಸಕ್ಕೆ ಎಷ್ಟು ಎಂದು ಹಂಚುವುದು ಆಟ ಮಾಡಿದವರಿಗೆ ಬಿಟ್ಟದ್ದು. ಎಲ್ಲ ಆಟಗಳ ಅಂಕವೂ ಕೂಡಿ ನಿಮ್ಮ ಹೆಸರಿನ ಪಕ್ಕದಲ್ಲಿ ಗೇಮರ್‌ಸ್ಕೋರ್ ಎಂಬ ಒಂದೇ ಸಂಖ್ಯೆಯಾಗಿ ನಿಲ್ಲುತ್ತದೆ. ಪ್ಲೇಸ್ಟೇಷನ್ 3ರಲ್ಲಿ 2008ರಿಂದ ಟ್ರೋಫಿಗಳು ಬಂದವು: ಕಂಚು, ಬೆಳ್ಳಿ, ಚಿನ್ನ, ಎಲ್ಲವನ್ನೂ ಗಳಿಸಿದವರಿಗೆ ಪ್ಲಾಟಿನಂ. ಗೇಮರ್‌ಸ್ಕೋರನ್ನು ಖರ್ಚು ಮಾಡಲಾಗದು, ಯಾರಿಗೂ ದಾನ ಕೊಡಲಾಗದು. ಅದು ಏರುತ್ತದೆ, ಅಷ್ಟೇ. 2014ರಲ್ಲಿ ರೇ ಕಾಕ್ಸ್ ಎಂಬ ಅಮೆರಿಕದ ಆಟಗಾರ ಹತ್ತು ಲಕ್ಷ ಅಂಕ ಮುಟ್ಟಿದ ಮೊದಲಿಗನಾದ. ನನ್ನದು ಅದರ ಹತ್ತರಲ್ಲಿ ಒಂದು ಪಾಲೂ ಆಗಿಲ್ಲ.

ಈ ಪದ್ಧತಿಯಲ್ಲಿ ನನ್ನಂಥವರನ್ನು ಹಿಡಿದು ಕೂರಿಸುವ ಒಂದು ಓರೆಕೋರೆ ಇದೆ. ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡಿದ ಆಟಕ್ಕೂ ಸಾವಿರ, ಸಿನಿಮಾ ಪೋಸ್ಟರಿನ ಅಂಟು ಆರುವ ಮೊದಲೇ ಅವಸರದಲ್ಲಿ ಮಾರುಕಟ್ಟೆಗೆ ಬಂದ ಆಟಕ್ಕೂ ಸಾವಿರ. ತೂಕ ನೋಡದೆ ಎಲ್ಲಕ್ಕೂ ಒಂದೇ ದರ ಕಟ್ಟುವ ಅಂಗಡಿಗೆ ಹೋದರೆ ಹಗುರವಾದದ್ದನ್ನು ಎತ್ತಿಕೊಳ್ಳುವವರು ಇದ್ದೇ ಇರುತ್ತಾರೆ. ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಹೀಗಾಗಿ ನಾನು ಆಟದ ಜೊತೆಗೆ, ಕೆಲವೊಮ್ಮೆ ಆಟಕ್ಕಿಂತ ಮೊದಲು, ಅದರ ಅಚೀವ್‌ಮೆಂಟ್ ಪಟ್ಟಿಯನ್ನು ವಿಮರ್ಶೆ ಮಾಡುತ್ತೇನೆ.

ಮೊದಲು ಆಟವನ್ನೇ ನೋಡೋಣ. 2009ರ ಮೇ ತಿಂಗಳಲ್ಲಿ ಚಿತ್ರ ತೆರೆಕಾಣುವ ಎರಡೇ ದಿನ ಮೊದಲು ಅಮೆರಿಕದಲ್ಲಿ ಇದು ಬಿಡುಗಡೆಯಾಯಿತು. ಕಥೆ ನಡೆಯುವುದು 2016ರ ಲಾಸ್ ಏಂಜಲೀಸ್‌ನ ಅವಶೇಷಗಳಲ್ಲಿ, ಸಿನಿಮಾದ ಕಥೆಗೆ ಎರಡು ವರ್ಷ ಹಿಂದೆ. ಆಡುವ ನಾವು ಜಾನ್ ಕಾನರ್, ಯಂತ್ರಗಳ ವಿರುದ್ಧ ಹೋರಾಡುವ ಸೈನಿಕ. ಆದರೆ ಸಿನಿಮಾದ ಕಾನರ್ ಆಗಿದ್ದ ಕ್ರಿಶ್ಚಿಯನ್ ಬೇಲ್ ಈ ಆಟಕ್ಕೆ ಮುಖವನ್ನೂ ಕೊಟ್ಟಿಲ್ಲ, ದನಿಯನ್ನೂ ಕೊಟ್ಟಿಲ್ಲ. ಸಿನಿಮಾದ ಇತರ ನಟರಾದ ಮೂನ್ ಬ್ಲಡ್‌ಗುಡ್ ಮತ್ತು ಕಾಮನ್ ಕೊಟ್ಟಿದ್ದಾರೆ. ಪರಿಣಾಮವಾಗಿ ಸಹಪಾತ್ರಗಳು ಸಿನಿಮಾದವರು, ನಾಯಕ ಮಾತ್ರ ಎಲ್ಲಿಂದಲೋ ಬಂದು ಸೇರಿಕೊಂಡವನು. ಮದುವೆ ಮನೆಯಲ್ಲಿ ನೆಂಟರೆಲ್ಲ ಸರಿಯಾಗಿದ್ದು ವರನೇ ಬದಲಾಗಿದ್ದರೆ ಹೇಗೋ ಹಾಗೆ.

ಆಡುವ ಬಗೆ ಸರಳ. ಗೋಡೆ, ಮುರಿದ ಕಾರು, ಸಿಮೆಂಟ್ ದಿಮ್ಮಿಗಳ ಹಿಂದೆ ಕೂರುವುದು, ತಲೆ ಎತ್ತಿ ಗುಂಡು ಹಾರಿಸುವುದು, ಮುಂದಿನ ಮರೆಗೆ ಜಿಗಿಯುವುದು. ಈ ಜಿಗಿತಕ್ಕೆ ಅವರು ಮಾಡಿರುವ ವ್ಯವಸ್ಥೆ ಮಾತ್ರ ನಿಜಕ್ಕೂ ಚೆನ್ನಾಗಿದೆ. ಮರೆಯಲ್ಲಿ ಕೂತಿದ್ದಾಗ ಒಂದು ಅರ್ಧವೃತ್ತ ಕಾಣಿಸುತ್ತದೆ. ಯಾವ ದಿಕ್ಕಿನ ಮರೆಗೆ ಹೋಗಬಹುದೆಂದು ಅದು ತೋರಿಸುತ್ತದೆ, ಆರಿಸಿಕೊಂಡರೆ ಕಾನರ್ ಅಲ್ಲಿಗೆ ಓಡಿ ಕೂರುತ್ತಾನೆ. ಆ ಒಂದು ಉಪಾಯದಲ್ಲಿ ಒಳ್ಳೆಯ ಆಟವೊಂದರ ಬೀಜ ಇತ್ತು. ಬೀಜ ಬಿತ್ತಿ ನೀರು ಹಾಕಲು ಪುರುಸೊತ್ತು ಸಿಕ್ಕಿಲ್ಲ ಎಂಬುದು ಮೂರನೇ ಅಧ್ಯಾಯಕ್ಕೇ ತಿಳಿಯುತ್ತದೆ, ಏಕೆಂದರೆ ಎದುರಾಳಿಗಳು ಬದಲಾಗುವುದೇ ಇಲ್ಲ. ಕಣಜದಂತೆ ಹಾರುವ ಯಂತ್ರ, ಜೇಡದಂತೆ ನಡೆಯುವ ಯಂತ್ರ, ಆಗಾಗ ಮನುಷ್ಯಾಕಾರದ ಟಿ-600. ಮತ್ತೆ ಕಣಜ, ಮತ್ತೆ ಜೇಡ. ನಡುವೆ ವಾಹನದ ಮೇಲೆ ಕೂರಿಸಿ ಗುಂಡು ಹಾರಿಸುತ್ತಿರಿ ಎನ್ನುತ್ತಾರೆ. ಅಲ್ಲಿ ದಾರಿ ನಮ್ಮ ಕೈಯಲ್ಲಿಲ್ಲ.

ಜೇಡದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಆಟ ಅದರ ಬೆನ್ನ ಮೇಲೆಯೇ ನಿಂತಿದೆ. ಅದರ ಮುಂಭಾಗಕ್ಕೆ ಎಷ್ಟು ಗುಂಡು ಹಾರಿಸಿದರೂ ಕಲ್ಲಿನ ಮೇಲೆ ನೀರು ಸುರಿದಂತೆ. ಏಟು ತಾಗಬೇಕಾದ ಜಾಗ ಹಿಂದಿದೆ. ಒಬ್ಬರೇ ಆಡುವಾಗ ಜೊತೆಗಿರುವ ಸಂಗಾತಿಗಳನ್ನು ಕಂಪ್ಯೂಟರ್ ಆಡಿಸುತ್ತದೆ. ಅವರು ಗುಂಡು ಹಾರಿಸುತ್ತಾರೆ, ಕೂಗುತ್ತಾರೆ, ಧೈರ್ಯ ತುಂಬುತ್ತಾರೆ. ಜೇಡ ಮಾತ್ರ ನನ್ನ ಮೇಲಿನ ಕಣ್ಣು ತೆಗೆಯುವುದಿಲ್ಲ. ನಾನು ಎಡಕ್ಕೆ ಸರಿದರೆ ಅದೂ ಎಡಕ್ಕೆ ತಿರುಗುತ್ತದೆ, ಬಲಕ್ಕೆ ಸರಿದರೆ ಬಲಕ್ಕೆ. ಮೊದಲ ಸಲ ಹೀಗೆ ಒಂದು ಅಂಗಳದಲ್ಲಿ ನಾನು ಮತ್ತು ಜೇಡ ಗಾಣದ ಎತ್ತುಗಳಂತೆ ಸುತ್ತು ಹೊಡೆದದ್ದು ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲ.

ಎರಡನೇ ಸಲ ತಮ್ಮ ಇದ್ದ. ಪರದೆ ಎರಡು ಹೋಳಾಗಿ, ಅವನದೊಂದು, ನನ್ನದೊಂದು. ಕಠಿಣ ಹಂತ. ಅದೇ ಅಂಗಳ. "ನೀನು ಅದರ ಮುಖಕ್ಕೆ ಹೊಡೆಯುತ್ತಿರು, ಸಾಯಬೇಡ, ಅಷ್ಟೇ ಕೆಲಸ" ಎಂದೆ. ಅವನು ಮುರಿದ ಗೋಡೆಯ ಹಿಂದೆ ಕೂತು ಹಾರಿಸತೊಡಗಿದ. ಜೇಡ ಅವನತ್ತ ತಿರುಗಿತು. ನಾನು ಮರೆಯಿಂದ ಮರೆಗೆ ಎರಡು ಜಿಗಿತದಲ್ಲಿ ಅದರ ಹಿಂದೆ ಇದ್ದೆ. ಬೆನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಒಂದು ಮ್ಯಾಗಜಿನ್ ಪೂರ್ತಿ ಖಾಲಿಯಾಗುವ ಮೊದಲೇ ಅದು ಕುಸಿಯಿತು. ತಮ್ಮ ಪರದೆಯಿಂದ ಕಣ್ಣು ತೆಗೆಯದೆ, "ಇದು ಇಬ್ಬರ ಆಟ ಅಕ್ಕ. ಒಬ್ಬಳೇ ಆಡಿ ಬೈಯುತ್ತಿದ್ದೆ ನೀನು" ಎಂದ. ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ, ಒಪ್ಪಿಕೊಂಡೆ. ಈ ಆಟಕ್ಕೆ ಅಂಕ ಕೊಡುವವರು ಒಬ್ಬರೇ ಆಡಿದ್ದರೆ ಒಂದು ಕಡಿಮೆ, ಇಬ್ಬರು ಆಡಿದ್ದರೆ ಒಂದು ಹೆಚ್ಚು ಕೊಡಬೇಕು.

ಈಗ ಪಟ್ಟಿ. ಇದು ನಾನು ಕಂಡ ಅತ್ಯಂತ ಪ್ರಾಮಾಣಿಕ ಪಟ್ಟಿಗಳಲ್ಲಿ ಒಂದು. ಅಧ್ಯಾಯ ಮುಗಿಸಿದರೆ ಅಂಕ. ಮಧ್ಯಮ ಹಂತದಲ್ಲಿ ಆಟ ಮುಗಿಸಿದರೆ ಅಂಕ, ಕಠಿಣ ಹಂತದಲ್ಲಿ ಮುಗಿಸಿದರೆ ಇನ್ನೂ ಅಂಕ. ಮುಗಿಯಿತು. ಮೂಲೆಮೂಲೆಯಲ್ಲಿ ಬಚ್ಚಿಟ್ಟ ನೂರು ಬಿಲ್ಲೆಗಳನ್ನು ಹೆಕ್ಕಿ ತರಬೇಕಿಲ್ಲ. ಆನ್‌ಲೈನ್‌ನಲ್ಲಿ ಅಪರಿಚಿತರನ್ನು ಸಾವಿರ ಸಲ ಸೋಲಿಸಬೇಕಿಲ್ಲ. ನಮ್ಮ ಆಟವನ್ನು ಪೂರ್ತಿ ನೋಡಿದಿರಾ, ಇಗೋ ನಿಮ್ಮ ಸಾವಿರ, ಹೋಗಿ ಬನ್ನಿ ಎನ್ನುವ ಪಟ್ಟಿ ಇದು. ದೊಡ್ಡ ಹೆಸರಿನ ಎಷ್ಟೋ ಆಟಗಳು ಇಷ್ಟು ಮರ್ಯಾದೆಯಿಂದ ನಡೆದುಕೊಳ್ಳುವುದಿಲ್ಲ.

ಆ ಪಟ್ಟಿ ಏಕೆ ಹಾಗಿದೆ ಎಂದು ಯೋಚಿಸಿದರೆ ಮಾತ್ರ ಸ್ವಲ್ಪ ಬೇಸರವಾಗುತ್ತದೆ. ಇದನ್ನು ಮಾಡಿದ್ದು ಸ್ವೀಡನ್ನಿನ ಗ್ರಿನ್ ಎಂಬ ಸಂಸ್ಥೆ. 2009ರ ಮಾರ್ಚ್‌ನಿಂದ ಮೇ ನಡುವಿನ ಮೂರು ತಿಂಗಳಲ್ಲಿ ಅವರ ಮೂರು ಆಟಗಳು ಹೊರಬಂದವು: 'ವಾಂಟೆಡ್: ವೆಪನ್ಸ್ ಆಫ್ ಫೇಟ್', 'ಬಯಾನಿಕ್ ಕಮಾಂಡೊ' ಮತ್ತು ಇದು. ಅದೇ ಆಗಸ್ಟ್‌ನಲ್ಲಿ ಸಂಸ್ಥೆ ಬಾಗಿಲು ಹಾಕಿತು. ಅದನ್ನು ಕಟ್ಟಿದ ಆಂಡರ್ಸನ್ ಸಹೋದರರು ಮುಂದೆ ಓವರ್‌ಕಿಲ್ ಎಂಬ ಇನ್ನೊಂದು ಸಂಸ್ಥೆ ಕಟ್ಟಿ 'ಪೇಡೇ' ಮಾಡಿದರು. ನಾಲ್ವರು ಕೂಡಿ ಬ್ಯಾಂಕ್ ದೋಚುವ ಆಟ, ತುಂಬಾ ಹೆಸರು ಮಾಡಿತು. ಜೇಡವನ್ನು ಇಬ್ಬರು ಕೂಡಿ ಹೊಡೆಯುವುದರಲ್ಲಿ ನಮಗೆ ಸಿಕ್ಕ ಖುಷಿಗೆ ಅದು ದೂರದ ನೆಂಟ ಎಂದು ನನ್ನ ಅನಿಸಿಕೆ; ತಮ್ಮ ಒಪ್ಪುವುದಿಲ್ಲ.

ಸಿನಿಮಾ ಗೇಮ್‌ಗಳ ಜಾತಕವೇ ಹಾಗೆ. ಚಿತ್ರದ ಬಿಡುಗಡೆಯ ದಿನ ಮೊದಲೇ ಗೊತ್ತಾಗಿರುತ್ತದೆ, ಆಟ ಅಂದಿಗೆ ಸಿದ್ಧವಾಗಲೇಬೇಕು. ಮುಂದೂಡಿದರೆ ಸಿನಿಮಾದ ಗದ್ದಲ ಆರಿಹೋಗುತ್ತದೆ. 1982ರಲ್ಲಿ ಅಟಾರಿ 2600 ಕನ್ಸೋಲ್‌ಗೆ 'ಇ.ಟಿ.' ಆಟವನ್ನು ಹೊವಾರ್ಡ್ ಸ್ಕಾಟ್ ವಾರ್‌ಶಾ ಸುಮಾರು ಐದು ವಾರಗಳಲ್ಲಿ ಮಾಡಿಕೊಟ್ಟರು, ಕ್ರಿಸ್‌ಮಸ್ ವ್ಯಾಪಾರ ತಪ್ಪಬಾರದೆಂದು. ಮಾರಾಟವಾಗದ ಕಾರ್ಟ್ರಿಜ್‌ಗಳು ನ್ಯೂ ಮೆಕ್ಸಿಕೊದ ಅಲಮೊಗಾರ್ಡೊದ ಕಸದ ಗುಂಡಿ ಸೇರಿದವು. 2014ರಲ್ಲಿ ಅಗೆದು ತೆಗೆದು ನೋಡಿದರು, ಅಲ್ಲೇ ಇದ್ದವು. ಇದಕ್ಕೆ ಎದುರಾಗಿ ಎಲ್ಲರೂ ತಲೆದೂಗುವ 'ಗೋಲ್ಡನ್‌ಐ 007' ಬಂದದ್ದು 1997ರಲ್ಲಿ, ಸಿನಿಮಾ ಬಂದು ಹೆಚ್ಚುಕಡಿಮೆ ಎರಡು ವರ್ಷ ಕಳೆದ ಮೇಲೆ. ಗಡುವು ಕೈತಪ್ಪಿದ್ದೇ ಆ ಆಟದ ಪುಣ್ಯ. ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ ಮುಗಿಸುವಾಗ ನನಗೂ ಈ ಉದಾಹರಣೆ ಬಳಸಬೇಕೆನ್ನಿಸುತ್ತದೆ, ಧೈರ್ಯ ಬಂದಿಲ್ಲ.

ಟರ್ಮಿನೇಟರ್‌ನ ಪಟ್ಟಿ ಹೊಗಳಿದೆ. ಆದರೆ ಸುಲಭದ ಪಟ್ಟಿಗಳೆಲ್ಲ ಒಳ್ಳೆಯವೇ ಎಂದು ತಿಳಿಯಬೇಡಿ. 2007ರ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್ – ದಿ ಬರ್ನಿಂಗ್ ಅರ್ತ್' ಎಂಬ ಆಟ ಸಿನಿಮಾದ್ದಲ್ಲ, ಟಿವಿ ಕಾರ್ಟೂನಿನದು. ಈ ಹಾದಿಯಲ್ಲಿ ನಡೆಯುವವರೆಲ್ಲರಿಗೂ ಅದರ ಪರಿಚಯ ಉಂಟು. ಅದರ ಪಟ್ಟಿಯಲ್ಲಿ ಇರುವುದು ಐದೇ ಅಚೀವ್‌ಮೆಂಟ್. ಐದೂ ಒಂದೇ ಜಾತಿಯವು: ಬಿಡದೆ ಹೊಡೆದ ಏಟುಗಳ ಎಣಿಕೆ ಹತ್ತು, ಇಪ್ಪತ್ತು ಎಂದು ಏರುತ್ತ ಐವತ್ತು ಮುಟ್ಟಬೇಕು. ನಾನು ಆಟ ಹಾಕಿದೆ. ಮೊದಲ ಎದುರಾಳಿಗಳು ಬಂದರು. ನಿಂತಲ್ಲೇ ನಿಂತು ಒಂದೇ ಗುಂಡಿ ಒತ್ತುತ್ತ ಹೋದೆ. ಪರದೆಯ ಕೆಳಗೆ ಆ ದುಂಡನೆಯ ಗುರುತು, ಆ ಟಣ್ ಸದ್ದು. ಮತ್ತೆ, ಮತ್ತೆ. ಎರಡು ನಿಮಿಷ ಆಗಿತ್ತೋ ಇಲ್ಲವೋ, ಐದನೆಯದೂ ಬಂತು. ಸಾವಿರಕ್ಕೆ ಸಾವಿರ.

ಮಣ್ಣು, ಬೆಂಕಿ ಎಂದು ಏನೇನೋ ಇರುವ ಒಂದು ಲೋಕ ಆ ಡಿಸ್ಕ್‌ನಲ್ಲಿದೆ. ನಾನು ಅದರ ಹೊಸ್ತಿಲಲ್ಲೇ ನಿಂತು ವಾಪಸಾದೆ. ಕನ್ಸೋಲ್ ಆರಿಸಿದ ಮೇಲೆ ಕೈಯಲ್ಲಿ ಕಂಟ್ರೋಲರ್ ಇನ್ನೂ ಬೆಚ್ಚಗಾಗಿರಲಿಲ್ಲ. ರಸೀದಿಯಿಲ್ಲದ ಜಮೆ ಕಂಡಾಗ ಕಚೇರಿಯಲ್ಲಿ ಆಗುವ ಕಸಿವಿಸಿಯೇ ಆಯಿತು. ಮೊತ್ತ ಸರಿಯಿದೆ, ಕೆಲಸ ನಡೆದಿಲ್ಲ. ನನ್ನ ಗೇಮರ್‌ಸ್ಕೋರ್‌ನಲ್ಲಿ ನಾನೇ ಆಕ್ಷೇಪಣೆ ಬರೆಯಬೇಕಾದ ಸಾವಿರ ಅದೊಂದೇ.

ಅದಕ್ಕೆ ತದ್ವಿರುದ್ಧವಾದ ಅಪರಾಧಿ ಭಾವ 'ಕಿಂಗ್ ಕಾಂಗ್' ಕೊಟ್ಟಿತು. ಪೀಟರ್ ಜಾಕ್ಸನ್ನರ ಚಿತ್ರದ ಜೊತೆ 2005ರಲ್ಲಿ ಬಂದ ಯೂಬಿಸಾಫ್ಟ್ ಆಟ, ಎಕ್ಸ್‌ಬಾಕ್ಸ್ 360ರ ಮೊದಲ ದಿನದ ಆಟಗಳಲ್ಲಿ ಒಂದು. ಇದರ ಪಟ್ಟಿಯೂ ಸರಳ, ಕಥೆ ಮುಗಿಸಿದರೆ ಸಾವಿರವೂ ನಿಮ್ಮದು. ಹಾಗಾಗಿ ನಾನು ಇದನ್ನು ಸುಮಾರಾದವುಗಳ ರಾಶಿಗೆ ಹಾಕಿಕೊಂಡೇ ಶುರು ಮಾಡಿದ್ದು. ಅದು ನನ್ನ ತಪ್ಪು. ಮಿಶೆಲ್ ಆನ್ಸೆಲ್ ರೂಪಿಸಿದ ಈ ಆಟದಲ್ಲಿ ಪರದೆಯ ಮೇಲೆ ಒಂದು ಅಂಕಿಯೂ ಇಲ್ಲ. ಜೀವ ಎಷ್ಟಿದೆ, ಗುಂಡು ಎಷ್ಟಿವೆ ಎಂದು ತೋರಿಸುವ ಪಟ್ಟಿಗಳಿಲ್ಲ. ಗುಂಡು ಎಷ್ಟು ಉಳಿದಿವೆ ಎಂದು ತಿಳಿಯಬೇಕಾದರೆ ಗುಂಡಿ ಒತ್ತಬೇಕು, ಆಗ ನಾವು ಆಡಿಸುವ ನಾಯಕ ಜ್ಯಾಕ್ ಬಾಯಿಬಿಟ್ಟು ಹೇಳುತ್ತಾನೆ. ಗುಂಡು ಮುಗಿದರೆ ಕೈಗೆ ಸಿಕ್ಕ ಈಟಿಯೇ ಗತಿ. ಅಂಕಿಗಳ ನಡುವೆ ಬದುಕುವ ನನಗೆ ಅಂಕಿಯಿಲ್ಲದ ಪರದೆ ನೋಡಿ ಮೊದಲ ಅರ್ಧ ಗಂಟೆ ಕೈಕಾಲು ಆಡಲಿಲ್ಲ. ಆಮೇಲೆ ಕಾಡಿನ ಸದ್ದಿಗೆ ಕಿವಿ ಕೊಡುವುದನ್ನು ಕಲಿತೆ. ದೈತ್ಯ ಸರೀಸೃಪವೊಂದು ಬೆನ್ನಟ್ಟಿದಾಗ ಓಡುವುದೊಂದೇ ದಾರಿ ಎಂದು ಯಾರೂ ಹೇಳಿಕೊಡದೆಯೇ ತಿಳಿದುಕೊಂಡೆ.

ಇಷ್ಟಾಗಿಯೂ ನಾನು ಅದನ್ನು ಓಡೋಡಿ ಮುಗಿಸಿದೆ. ಪಟ್ಟಿ ಕೇಳಿದ್ದು ಅಷ್ಟೇ. ಮುಗಿದ ಮೇಲೆ ತಿಳಿದದ್ದು: ಹಳೆಯ ಅಧ್ಯಾಯಗಳನ್ನು ಮತ್ತೆ ಆಡಿ ಆಟದೊಳಗಿನ 2,50,000 ಪಾಯಿಂಟ್ ಕೂಡಿಸಿದರೆ ಬೇರೊಂದು ಅಂತ್ಯ ತೆರೆದುಕೊಳ್ಳುತ್ತದೆ. ಅದರಲ್ಲಿ ಜ್ಯಾಕ್ ವಿಮಾನದಲ್ಲಿ ಬಂದು ಕಾಂಗ್‌ನನ್ನು ಉಳಿಸುತ್ತಾನೆ, ಕಾಂಗ್ ತನ್ನ ದ್ವೀಪಕ್ಕೆ ಮರಳುತ್ತಾನೆ. ಇಷ್ಟೆಲ್ಲ ಮಾಡಿದ್ದಕ್ಕೆ ಗೇಮರ್‌ಸ್ಕೋರ್ ಸೊನ್ನೆ. ನಾನು ಒಂದು ಲಕ್ಷ ಚಿಲ್ಲರೆಯವರೆಗೆ ಹೋಗಿ ನಿಲ್ಲಿಸಿದೆ. ಪಟ್ಟಿಯಲ್ಲಿ ಎಲ್ಲವೂ ಚುಕ್ತಾ ಆಗಿದ್ದರಿಂದ ಕೈ ಮುಂದಕ್ಕೆ ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಕಾಂಗ್ ಇನ್ನೂ ಸತ್ತೇ ಇದ್ದಾನೆ.

ಇನ್ನೊಂದು ಆಟದ ಹೆಸರು ಹೇಳುವುದಿಲ್ಲ. ಮಕ್ಕಳ ಚಿತ್ರವೊಂದರದು. ಹೊಳೆಯುವ ನಾಣ್ಯಗಳನ್ನು ಒಟ್ಟುಗೂಡಿಸುವ ಕೆಲಸ. ಒಂದು ನಾಣ್ಯ ನಾನು ಮುಟ್ಟಿದೊಡನೆ ಮಾಯವಾಯಿತು, ಎಣಿಕೆ ಮಾತ್ರ ಏರಲಿಲ್ಲ. ಅಷ್ಟರಲ್ಲಿ ಆಟ ತಾನಾಗಿಯೇ ಸೇವ್ ಆಗಿ, ಹಿಂದಿನ ಸ್ಥಿತಿಗೆ ಮರಳುವ ದಾರಿಯೂ ಹೋಯಿತು. ಹಾಗೆ ಆ ಸಾಲು 985ಕ್ಕೆ ನಿಂತಿದೆ. ಮೊದಲಿನಿಂದ ಆಡಿದರೆ ಸಿಕ್ಕೀತು, ಆದರೆ ಆ ಮುಖ್ಯಪಾತ್ರದ ಹಾಡನ್ನು ಮತ್ತೊಮ್ಮೆ ಕೇಳುವ ಶಕ್ತಿ ನನಗಿಲ್ಲ. ಈ 15 ಅಂಕ ನನ್ನ ಖಾತೆಯ ಶಾಶ್ವತ ವ್ಯತ್ಯಾಸ.

ಮುಜುಗರದ ಮಾತೂ ಒಂದಿದೆ. ನೀವು ಆಡಿದ ಆಟಗಳ ಪಟ್ಟಿ ನಿಮ್ಮ ಪ್ರೊಫೈಲ್‌ನಲ್ಲಿ ಸ್ನೇಹಿತರಿಗೆ ಕಾಣುತ್ತದೆ. ಎಕ್ಸ್‌ಬಾಕ್ಸ್ 360ರಲ್ಲಿ ಸೊನ್ನೆ ಅಂಕದ ಆಟವನ್ನು ಅಲ್ಲಿಂದ ಅಳಿಸಬಹುದಿತ್ತು; ಐದು ಅಂಕ ಬಂದರೂ ಸಾಕು, ಅದು ಜನ್ಮಕ್ಕೆ ಅಂಟಿಕೊಂಡಂತೆ. ಹದಿಹರೆಯದ ಹುಡುಗಿಯರಿಗೆಂದೇ ಬಂದ 'ಹ್ಯಾನಾ ಮೊಂಟಾನಾ: ದಿ ಮೂವಿ' ಆಡಿ ಗುಟ್ಟಾಗಿಟ್ಟುಕೊಂಡ ದೊಡ್ಡವರನ್ನು ನಾನು ಬಲ್ಲೆ. ನನ್ನದೂ ಇದೆ. ಸಹೋದ್ಯೋಗಿಯೊಬ್ಬರು ಅದನ್ನು ನೋಡಿ ಏನೂ ಹೇಳದೆ ಸುಮ್ಮನಾದರು. ಹೇಳಿದ್ದರೇ ಚೆನ್ನಾಗಿತ್ತು.

ಟರ್ಮಿನೇಟರ್ ಕೊಳ್ಳಬೇಕೆ ಎಂದು ಕೇಳುವವರಿಗೆ: ಹಳೆಯ 360 ಇದ್ದು, ಬಳಸಿದ ಡಿಸ್ಕ್ ಅಗ್ಗದಲ್ಲಿ ಸಿಕ್ಕರೆ ತೆಗೆದುಕೊಳ್ಳಿ. 360ರ ಆನ್‌ಲೈನ್ ಅಂಗಡಿಯನ್ನು 2024ರ ಜುಲೈ 29ರಂದು ಮುಚ್ಚಿದ್ದಾರೆ, ಆದ್ದರಿಂದ ಡಿಸ್ಕ್ ಒಂದೇ ನೆಚ್ಚಿಕೊಳ್ಳಬಹುದಾದದ್ದು. ಕೊಳ್ಳುವ ಮೊದಲು ಅದನ್ನು ಬೆಳಕಿಗೆ ಹಿಡಿದು ಗೀರುಗಳನ್ನು ನೋಡಿ. ಆಟ ಶುರುವಾದಾಗ ಹಂತ ಕೇಳುತ್ತದೆ, ಮೊದಲ ಸಲವೇ ಕಠಿಣ ಆರಿಸಿ. ಕೆಳಗಿನ ಹಂತದ ಅಂಕಗಳೂ ಜೊತೆಗೇ ಬರುತ್ತವೆ, ನನ್ನಂತೆ ಎರಡು ಸಲ ಆಡಬೇಕಾಗಿಲ್ಲ. ಜೊತೆಗೆ ಒಬ್ಬರನ್ನು ಕೂರಿಸಿಕೊಳ್ಳಿ, ಜೇಡದ ಮುಖಕ್ಕೆ ಹೊಡೆಯುವ ಕೆಲಸ ಅವರಿಗೆ ಕೊಡಿ. ಎರಡನೇ ಕಂಟ್ರೋಲರ್‌ಗೆ ಹೊಸ ಬ್ಯಾಟರಿ ಹಾಕಿಡಿ. ನಮ್ಮದು ಕೊನೆಯ ಅಧ್ಯಾಯದಲ್ಲಿ ಕೈಕೊಟ್ಟಿತು, ಟಿವಿ ರಿಮೋಟಿನಿಂದ ಬಿಚ್ಚಿ ಹಾಕಬೇಕಾಯಿತು.